ಮೇಷ್ಟ್ರ ಮನೆಯ ರೇಡಿಯೋ

ಚಳ್ಳಕೆರೆ ಸೀಮೆಯ ತಳಕಿನ ನಮ್ಮ ಕಣದಲ್ಲಿ ಆ ರಾತ್ರಿ ಶೇಂಗಾ ರಾಶಿಗೆ ಕಾವಲಿದ್ದೆವು. ಒಣಗಿದ ಬಳ್ಳಿ ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ದೆವು. ದೊಡ್ಡಪ್ಪನ ಟ್ರಾನ್ಸಿಸ್ಟರು ಕರಕರ ಅಂದು ನಿಂತುಹೋಯಿತು. ಅವರು ಸೆಲ್ಲುಗಳನ್ನು ಬಿಚ್ಚಿ, ಅಂಗೈಯಲ್ಲಿ ಉಜ್ಜಿ, ಬೆಂಕಿಯಿಂದ ಮೊಳ ದೂರದಲ್ಲಿ ಸಾಲಾಗಿ ಕಾಯಲಿಟ್ಟರು.

ನಿವೃತ್ತ ಮೇಷ್ಟ್ರೊಬ್ಬರು ಜೊತೆಗಿದ್ದರು. ರೇಡಿಯೋ ಸುಮ್ಮನಾಯಿತಲ್ಲ, ಅವರ ಬಾಯಿ ತೆರೆಯಿತು.

"ಕನ್ನಡದಲ್ಲಿ ಮೊದಲು ರೇಡಿಯೋ ಮಾತಾಡಿದ್ದು ಎಲ್ಲಿಂದ ಹೇಳ್ರೋ?"

"ಮೈಸೂರು ಅರಮನೆಯಿಂದ," ಅಂದೆ. ನನಗೆ ಆಗ ದೊಡ್ಡದೆಲ್ಲ ಮಹಾರಾಜರದೇ.

"ಅಲ್ಲ ಕಣೋ, ಒಬ್ಬ ಮೇಷ್ಟ್ರ ಮನೆಯಿಂದ!" ಎಂದು ತೊಡೆ ತಟ್ಟಿಕೊಂಡರು. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿ, ಲಂಡನ್ನಿನಲ್ಲಿ ಓದಿ ಬಂದವರು, ತಮ್ಮ ಮನೆ 'ವಿಠಲ ವಿಹಾರ'ದಲ್ಲೇ ಯಂತ್ರ ಕೂರಿಸಿದ್ದರು. 1935ರ ಸೆಪ್ಟೆಂಬರ್ 10ರಂದು ಅಲ್ಲಿಂದ ಪ್ರಸಾರ ಶುರುವಾಯಿತು. ಅದಕ್ಕೆ ಕೆಲವೇ ದಿನ ಮುಂಚೆ ಲಯೊನೆಲ್ ಫೀಲ್ಡನ್ ಎಂಬ ದೊರೆ, ಸರ್ಕಾರದ ರೇಡಿಯೋ ಕಟ್ಟಲು ಬಿಬಿಸಿಯಿಂದ ಭಾರತಕ್ಕೆ ಬಂದಿಳಿದಿದ್ದ. ಇಲ್ಲಿ ನಮ್ಮ ಮೇಷ್ಟ್ರು ಯಾರಿಗೂ ಕಾಯಲಿಲ್ಲ. ಯಂತ್ರದ ಶಕ್ತಿ ಎಷ್ಟು ಗೊತ್ತೆ? 30 ವಾಟ್. ನಮ್ಮ ನಡುಮನೆಯ ಬಲ್ಬಿಗಿಂತ ಕಮ್ಮಿ! ಮುಂದೆ 250 ವಾಟಿನದು ಬಂತು. ಜೊತೆಗೆ ದುಡಿದವರು ಇತಿಹಾಸದ ಮೇಷ್ಟ್ರು ನಾ. ಕಸ್ತೂರಿ. ನಗೆಬರಹ ಬರೆಯುತ್ತಿದ್ದ ಅವರೇ 'ಆಕಾಶವಾಣಿ' ಎಂದು ಹೆಸರಿಟ್ಟರಂತೆ.

"ಮೊದಲ ದಿನ ಪದ್ಯ ಓದಿದ್ದು ಕುವೆಂಪು. ಅವರು ಯಾರ ಶಿಷ್ಯರು?" ಮೇಷ್ಟ್ರು ಬೇಕೆಂದೇ ನಿಲ್ಲಿಸಿದರು. ಇದಕ್ಕೆ ತಳಕಿನಲ್ಲಿ ಉತ್ತರ ಗೊತ್ತಿಲ್ಲದವರಿಲ್ಲ. ನಮ್ಮೂರ ತ.ಸು. ವೆಂಕಣ್ಣಯ್ಯನವರು ಆಗ ಮೈಸೂರಿನಲ್ಲೇ ಕನ್ನಡ ಪ್ರಾಧ್ಯಾಪಕರು. ಕುವೆಂಪು ತಮ್ಮ ರಾಮಾಯಣವನ್ನು ಅರ್ಪಿಸಿದ್ದು ಈ ಗುರುವಿಗೇ.

ಗುರು ಇದ್ದ ಊರಿಗೆ ಕೇಳಿದ್ದು ಗುರು ಹುಟ್ಟಿದ ಊರಿಗೆ ಕೇಳಲಿಲ್ಲ. ಮೂವತ್ತು ವಾಟು ಇನ್ನೂರು ಕಿಲೋಮೀಟರು ದಾಟಿ ಬರುವುದುಂಟೆ? ನಲವತ್ತರ ದಶಕದಲ್ಲಿ ನಿಲಯವನ್ನು ಸಂಸ್ಥಾನ ವಹಿಸಿಕೊಂಡಿತು, 1950ರಲ್ಲಿ ಆಲ್ ಇಂಡಿಯಾ ರೇಡಿಯೋ ಪಾಲಾಯಿತು, 1955ರಲ್ಲಿ ಬೆಂಗಳೂರಿಗೇ ಹೊರಟುಹೋಯಿತು. ಕಟ್ಟಿದ ಊರು ಕೈಖಾಲಿ ಕೂತಿತು. ಮೇಷ್ಟ್ರಿಗೆ ಇದರ ಮೇಲೆ ಸಿಟ್ಟು, ನನಗೂ ಇದೆ. ಮೈಸೂರಿಗೆ ನಿಲಯ ಮತ್ತೆ ಸಿಕ್ಕಿದ್ದು 1974ರಲ್ಲಿ.

ಅಷ್ಟು ಹೊತ್ತೂ ಸುಮ್ಮನಿದ್ದ ದೊಡ್ಡಪ್ಪ ಕೇಳಿದರು: "ನಮ್ಮ ಪಂಚಾಯ್ತಿ ಕಟ್ಟೆ ಮೇಲೆ ರೇಡಿಯೋ ಕೇಳಿಸಿದ್ದು ಬೆಂಗಳೂರು ನಿಲಯ ಬಂದ್ಮೇಲಲ್ವಾ ಮೇಷ್ಟ್ರೇ?"

"ಹೂಂನಪ್ಪ."

"ಅಲ್ಲಿಗೆ ಇಪ್ಪತ್ತು ವರ್ಷ ಆತು. ಚಳ್ಳಕೆರೆ ಸೀಮೆಗೆ ಮಳೆನೇ ವಾಸಿ ಬಿಡ್ರಿ."