ರುಸ್ತಾವೇಲಿ ರಸ್ತೆಯ ನೀಲಿ ಬಾವುಟ

ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ ವೈದ್ಯಕೀಯ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿ ಮೊದಲು ಕರೆದೊಯ್ದದ್ದು ರುಸ್ತಾವೇಲಿ ರಸ್ತೆಗೆ. ಹಳೆಯ ಕವಿಯೊಬ್ಬನ ಹೆಸರಿನ, ಸಾಲುಮರಗಳ ಅಗಲ ರಸ್ತೆ. ಸಂಸತ್ ಭವನ ತೋರಿಸಿ, "ಗಲಾಟೆಯೆಲ್ಲ ಇಲ್ಲೇ ಸಾರ್" ಎಂದ.

ಗಲಾಟೆ ಎನ್ನಲು ನನಗೆ ಮನಸ್ಸಿಲ್ಲ. ಐರೋಪ್ಯ ಒಕ್ಕೂಟ ಸೇರಲು ಜಾರ್ಜಿಯಾ 2022ರ ಮಾರ್ಚಿನಲ್ಲಿ ಅರ್ಜಿ ಹಾಕಿತು. 2023ರ ಮಾರ್ಚಿನಲ್ಲಿ, ವಿದೇಶಿ ನೆರವು ಪಡೆಯುವ ಸಂಸ್ಥೆಗಳ ಮೇಲಿನ ಮಸೂದೆ ಇದಕ್ಕೆ ಅಡ್ಡಿಯಾದೀತೆಂದು ಜನ ಇಲ್ಲಿ ನೆರೆದರು. ಒಬ್ಬ ಹೆಂಗಸು ಜಲಫಿರಂಗಿಗೆ ಎದುರಾಗಿ ಒಕ್ಕೂಟದ ಬಾವುಟ ಬೀಸಿದಳು. ಆಕೆ ಬೀಳದಂತೆ ಸುತ್ತಲಿನವರು ಹಿಡಿದುಕೊಂಡರು. (ಅದರ 12 ನಕ್ಷತ್ರಗಳು ಸದಸ್ಯ ದೇಶಗಳ ಲೆಕ್ಕವಲ್ಲ, ಮಕ್ಕಳೇ, ಸದಸ್ಯರು 27.) ಮಸೂದೆ ಆಗ ಹಿಂದೆ ಸರಿಯಿತು. ಡಿಸೆಂಬರಿನಲ್ಲಿ ಅಭ್ಯರ್ಥಿ ಸ್ಥಾನವೂ ದೊರೆಯಿತು.

ಆದರೆ 2024ರ ನವೆಂಬರ್ 28ರಂದು ಪ್ರಧಾನಿ ಕೊಬಾಖಿದ್ಜೆ, 2028ರ ಕೊನೆಯವರೆಗೆ ಸೇರ್ಪಡೆಯ ಮಾತುಕತೆ ಬೇಡವೆಂದರು. ಒಕ್ಕೂಟ ಸೇರಲು ಶ್ರಮಿಸಬೇಕೆಂದು ಸಂವಿಧಾನದ 78ನೇ ವಿಧಿಯೇ ಹೇಳುತ್ತದೆ! ಅಂದು ರಾತ್ರಿಯೇ ಜನ ಬಂದರು. ತಿಂಗಳುಗಟ್ಟಲೆ ಬರುತ್ತಲೇ ಇದ್ದರು.

ಭವನದೆದುರು 1989ರ ಏಪ್ರಿಲ್ 9ರ ಸ್ಮಾರಕವಿದೆ. ಸ್ವಾತಂತ್ರ್ಯ ಕೇಳಿದವರನ್ನು ಸೋವಿಯತ್ ಸೈನಿಕರು ಕೊಂದದ್ದು ಇಲ್ಲಿಯೇ. ನಾನು ನಿಂತು ನೋಡುತ್ತಿದ್ದೆ.

"ಗುಂಪಿರುವ ಕಡೆ ನಿಲ್ಲಬೇಡ ಅಂತ ಅಮ್ಮ ಹೇಳಿದ್ದಾರೆ ಸಾರ್" ಎಂದ ಹುಡುಗ, ಮೆಟ್ರೋ ಕಡೆಗೆ ನಡೆದ.