ಲೆಕ್ಕದ ವಹಿಯ ಹಿಂದಿನ ಪುಟಗಳು

ಓದುಗ ಬಂಧುಗಳೇ, ತಮ್ಮ ಮನೆಯ ಅಟ್ಟದ ಮೇಲೋ ಹಳೆಯ ಪೆಟ್ಟಿಗೆಯಲ್ಲೋ ಹಿರಿಯರು ಬರೆದಿಟ್ಟ ಅಡುಗೆಯ ಪುಸ್ತಕವೊಂದಿದ್ದರೆ ಅದನ್ನು ಒಮ್ಮೆ ಹೊರತೆಗೆದು ಓದಬೇಕೆಂದು ಬಿನ್ನವಿಸುತ್ತೇನೆ. ಮೊದಲು ನಗೆ ಬರುತ್ತದೆ. ಅನಂತರ ಬರುವುದು ಬೇರೆಯದೇ ಭಾವ. ನನ್ನ ಅನುಭವವನ್ನೇ ಹೇಳುತ್ತೇನೆ.

ನಮ್ಮದು ಬನಹಟ್ಟಿಯ ನೇಕಾರ ಮನೆತನ. ತಂದೆಯವರ ನೂಲಿನ ಲೆಕ್ಕದ ವಹಿಯನ್ನು ತಿರುವಿ ಹಿಡಿದು, ಹಿಂದಿನ ಪುಟಗಳಿಂದ ನಮ್ಮ ತಾಯಿಯವರು ಅಡುಗೆಯ ವಿಧಾನಗಳನ್ನು ಬರೆದಿಟ್ಟಿದ್ದರು. ಈ ಕಡೆಯಿಂದ ಓದಿದರೆ ನೂಲು, ಸೀರೆ, ಬಾಕಿ. ಆ ಕಡೆಯಿಂದ ಓದಿದರೆ ಬೇಸನ್ ಉಂಡಿ, ಶಂಕರಪೋಳಿ, ನಾನಖಟಾಯಿ. ನಡುವಿನ ಒಂದು ಹಾಳೆಯಲ್ಲಿ ಸಾಲವೂ ಸಿಹಿಯೂ ಎದುರುಬದುರಾಗಿ ಕುಳಿತಿವೆ.

ಅಳತೆಗಳದ್ದೇ ಒಂದು ವಿನೋದ. ಒಂದೆಡೆ ‘ಎರಡಾಣೆಯ ಯಾಲಕ್ಕಿ’ ಎಂದಿದೆ. 1957ರಲ್ಲಿ ಹೊಸ ಪೈಸೆ ಬಂದು ಆಣೆಯ ಲೆಕ್ಕ ಹಿಂದೆ ಸರಿಯಿತು. ಇಂದು ಆ ಬೆಲೆಗೆ ಯಾಲಕ್ಕಿಯ ವಾಸನೆಯೂ ದೊರೆಯಲಾರದು. ಸೇರೆಂದರೆ ತೂಕದಲ್ಲಿ 80 ತೊಲ, ಅಂದರೆ ಸುಮಾರು 933 ಗ್ರಾಂ. ಆದರೆ ತಾಯಿಯವರ ಸೇರು ಅಳೆಯುವ ಸೇರು. ಅದು ಹಿಟ್ಟಿಗೊಂದು ತೂಕ, ಬೇಳೆಗೊಂದು ತೂಕ. ಮತ್ತೊಂದು ಪುಟದಲ್ಲಿ, ಪಾಕವನ್ನು ‘ನೂರೆಂಟು ಸಲ ನಮಃ ಶಿವಾಯ ಅನ್ನೂತನಕ ತಿರುವುದು’ ಎಂದಿದೆ. ಗಡಿಯಾರವಿಲ್ಲದ ಅಡುಗೆಮನೆಯಲ್ಲಿ ಪಾಕವೂ ಏರಿತು, ಜಪವೂ ಆಯಿತು! ಉಂಡಿಯ ವಿಧಾನವೊಂದರ ಕೆಳಗೆ ಸಣ್ಣ ಅಕ್ಷರಗಳಲ್ಲಿ, ‘ಜಮಖಂಡಿ ವೈನಿ ಹೇಳಿದ್ದು. ಏನೋ ಒಂದು ಮುಚ್ಚಿಟ್ಟಾರ’ ಎಂಬ ಷರಾ ಇದೆ. ಮುಚ್ಚಿಟ್ಟ ಆ ಸಾಮಾನು ಯಾವುದೆಂಬುದು ಇಂದಿಗೂ ಬಯಲಾಗಿಲ್ಲ.

ಇಂಥ ಬರವಣಿಗೆ ಕನ್ನಡಕ್ಕೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕಶಾಸ್ತ್ರಕ್ಕೂ ಸ್ಥಾನವುಂಟು. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನಂತೂ ತನ್ನ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಬರೆದನು. ಒಲೆಯ ಮುಂದೆ ಕುಳಿತು ಹಾಡುತ್ತ ಅಡುಗೆ ಮಾಡಬಹುದಾದ ಗ್ರಂಥವದು. ಆದರೆ ಮುಧೋಳದ ಕಡೆಯವರು ಯಾರಾದರೂ ಅದರಲ್ಲಿ ಕೆಂಪು ಖಾರವನ್ನೂ ಶೇಂಗಾ ಹಿಂಡಿಯನ್ನೂ ಹುಡುಕಿದರೆ ನಿರಾಶರಾಗುವರು. ಮೆಣಸಿನಕಾಯಿಯೂ ಶೇಂಗಾವೂ ಅಮೆರಿಕ ಖಂಡದ ಬೆಳೆಗಳು; ಪೋರ್ತುಗೀಜರು ಬಂದ ಮೇಲೆ ಇಲ್ಲಿ ಹರಡಿದಂಥವು. ಮಂಗರಸನ ಕಾಲದ ಖಾರವೆಂದರೆ ಕರಿಮೆಣಸಿನದು. ಬದನೆಕಾಯಿ ಮಾತ್ರ ಅವನಿಗೂ ಪ್ರಿಯವಾದುದರಿಂದ ನಮ್ಮ ಎಣ್ಣೆಗಾಯಿಯ ಮಾನ ಉಳಿಯಿತು.

ಇನ್ನು ನಗೆ ನಿಂತ ಪ್ರಸಂಗಕ್ಕೆ ಬರುತ್ತೇನೆ. ತಾಯಿಯವರು ಲಿಂಗೈಕ್ಯರಾದ ಮರುವರ್ಷದ ಬಸವ ಜಯಂತಿಗೆ, ಅವರ ಕ್ರಮದಂತೆಯೇ ಮಾದಲಿ ಮಾಡಿ ಬಂದವರಿಗೆ ಬಡಿಸಬೇಕೆಂದು ನಾನೂ ನನ್ನ ಪತ್ನಿಯೂ ನಿಶ್ಚಯಿಸಿದೆವು. ವಹಿಯಲ್ಲಿ ಇದ್ದುದು ಇಷ್ಟೇ: ‘ಗೋದಿ 4 ಸೇರು, ಕಡ್ಲಿಬ್ಯಾಳಿ 1 ಸೇರು. ಹುರಿದು ಬೀಸಿ, ದಪ್ಪ ರೊಟ್ಟಿ ಮಾಡಿ ಕುಟ್ಟುವುದು. ಬೆಲ್ಲ ಹದಾ ನೋಡಿ.’ ಮಹಾಲಿಂಗಪುರದ ಪೇಟೆಯಿಂದ ಒಳ್ಳೆಯ ಬೆಲ್ಲವನ್ನೇ ತಂದೆವು. ಗಸಗಸೆ, ಒಣಕೊಬ್ಬರಿ, ಪುಟಾಣಿ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಆದರೂ ಉದುರುದುರಾಗಿ ಇರಬೇಕಾದ ಮಾದಲಿ ಮುದ್ದೆಗಟ್ಟಿತು. ಬಂದವರು ಸಂಕೋಚದಿಂದ ಉಂಡು ಹೋದರು. ತಾಯಿಯವರು ಮತ್ತೊಮ್ಮೆ ನಮ್ಮನ್ನು ಅಗಲಿದಂತಾಯಿತು.

ಬೀಳಗಿಯಲ್ಲಿ ನನ್ನ ಚಿಗವ್ವ ಇದ್ದಾರೆ. ಎಂಬತ್ತು ದಾಟಿದವರು, ಓದುಬರಹ ಅರಿಯದವರು. ವಹಿಯನ್ನು ತೆಗೆದುಕೊಂಡು ಹೋಗಿ ಅವರ ಮುಂದೆ ಓದಿದೆ. ಅವರು ನಕ್ಕು, “ರೊಟ್ಟಿ ಬಿಸಿ ಇದ್ದಾಗ ಕುಟ್ಟಬೇಕಪಾ, ಆರಿದ ಮ್ಯಾಲೆ ಬೆಲ್ಲ ಕೂಡಸಬೇಕು. ಬಿಸಿದಾಗ ಹಾಕಿದ್ರ ಬೆಲ್ಲ ಕರಗಿ ಮುದ್ದಿ ಆಗ್ತೈತಿ” ಎಂದರು.

“ಅವ್ವ ಇದನ್ನ ಬರದೇ ಇಲ್ಲಲ್ಲ?” ಎಂದೆ.

“ಅಕ್ಕ ತನಗ ಗೊತ್ತಿದ್ದದ್ದನ್ನ ಯಾಕ ಬರೀತಾಳ? ಮರತು ಹೋದೀತು ಅಂದದ್ದನ್ನ ಬರಕೊಂಡಾಳ.”

ಆ ಮಾತು ನನ್ನನ್ನು ನಿಲ್ಲಿಸಿತು. ಅಲ್ಲಿಯೇ ಕುಳಿತು ವಹಿಯನ್ನು ಮೊದಲಿನಿಂದ ಕೊನೆಯವರೆಗೆ ಹುಡುಕಿದೆ. ವರ್ಷಕ್ಕೊಮ್ಮೆ ಮಾಡುತ್ತಿದ್ದ ನಾನಖಟಾಯಿ ಇದೆ. ದಿನಕ್ಕೆರಡು ಹೊತ್ತು ಬಡಿಯುತ್ತಿದ್ದ ಜೋಳದ ರೊಟ್ಟಿ ಇಲ್ಲ. ಜುಣಕ ಇಲ್ಲ, ಪುಂಡಿಪಲ್ಲೆ ಇಲ್ಲ. ನಮ್ಮನ್ನು ಸಾಕಿದ ಅನ್ನವೇ ಆ ಪುಟಗಳಲ್ಲಿಲ್ಲ! ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬರೆಯುವುದಿಲ್ಲ. ಬಲ್ಲವರು ಹೋದ ಮೇಲೆ ಮೊದಲು ಕಳೆದುಹೋಗುವುದು ಅದೇ. ಪುಣೆಯಲ್ಲಿರುವ ನನ್ನ ಮಗಳಿಗೆ ನಾನಖಟಾಯಿ ಮಾಡಲು ಬರುತ್ತದೆ, ರೊಟ್ಟಿ ಬಡಿಯಲು ಬಾರದು. ಅಪರಾಧ ಅವಳದಲ್ಲ. ಐವತ್ತು ವರ್ಷ ಉಂಡ ನಾನು ಒಂದು ದಿನವೂ ಒಲೆಯ ಬಳಿ ನಿಂತು ನೋಡಿದವನಲ್ಲ.

ಅಂದಿನಿಂದ ತಿಂಗಳಿಗೊಮ್ಮೆ ಬೀಳಗಿಗೆ ಹೋಗುತ್ತೇನೆ. ಚಿಗವ್ವ ಹೇಳುತ್ತಾರೆ, ನಾನು ಅವರ ಮಾತಿನಲ್ಲಿಯೇ ಬರೆದುಕೊಳ್ಳುತ್ತೇನೆ. ಅವರ ಕೈ ಈಗ ನಡುಗುತ್ತದೆ; ಆದರೂ ರೊಟ್ಟಿ ದುಂಡಗಾಗಿಯೇ ಬರುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಿನ ಜಿಗಿ ಹೋಗಿರುತ್ತದೆ, ಆಗ ಎಸರು ಚೆನ್ನಾಗಿ ಕುದ್ದಿರಬೇಕು. ಹಂಚಿನ ಮೇಲೆ ಹಾಕಿದೊಡನೆ ನೀರು ಸವರಬೇಕು. ಆ ನೀರು ಆರುವ ಮುನ್ನ ಮಗುಚಬಾರದು, ಪೂರ್ತಿ ಆರಿದ ಮೇಲೂ ಬಿಡಬಾರದು. “ಎಷ್ಟೊತ್ತು, ಚಿಗವ್ವಾ?” ಎಂದರೆ, “ನೋಡಿದ್ರ ತಿಳೀತೈತಿ” ಎಂಬ ಉತ್ತರ. ಅದನ್ನೂ ಹಾಗೆಯೇ ಬರೆದುಕೊಂಡಿದ್ದೇನೆ. ನಾಳೆ ಮೊಮ್ಮಕ್ಕಳು ಓದಿ ನಗಲಿ.

ಬಂಧುಗಳೇ, ದಾಸೋಹದ ಪಂಕ್ತಿಯಲ್ಲಿ ಕುಳಿತು ಉಂಡು ಬೆಳೆದವರು ನಾವು. ಉಣಬಡಿಸಿದ ಕೈಗಳ ಅರಿವನ್ನು ಉಳಿಸಿಕೊಳ್ಳುವುದೂ ಆ ಋಣದ ಒಂದು ಭಾಗವೇ ಆಗಿದೆ. ಮನೆಯಲ್ಲಿ ಹಿರಿಯ ಜೀವವಿದ್ದರೆ ಇಂದೇ ಅವರ ಬಳಿ ಕುಳಿತು ಬರೆದುಕೊಳ್ಳಿರಿ. ಹೋಳಿಗೆಯಿಂದ ಆರಂಭಿಸಬೇಡಿರಿ, ರೊಟ್ಟಿಯಿಂದ ಆರಂಭಿಸಿರಿ.