ಮೇಕೆದಾಟು ಮತ್ತು ನಮ್ಮ ಕೊನೆಭಾಗ

2025 ಜುಲೈ 1, ಮಂಗಳವಾರ

ಕನ್ನಂಬಾಡಿ ಕಟ್ಟೆ ತುಂಬಿತು. ನಿನ್ನೆ ಮುಖ್ಯಮಂತ್ರಿಗಳು ಬಾಗಿನ ಬಿಟ್ಟರು. ಜೂನ್ ತಿಂಗಳಲ್ಲೇ ನೀರು 124.80 ಅಡಿ ಮುಟ್ಟಿದ್ದನ್ನು ನಮ್ಮೂರ ಹಿರಿಯರು ಯಾರೂ ಕಂಡಿಲ್ಲವಂತೆ. ಮನಸ್ಸು ತುಂಬಿ ಬಂತು.

2023ರ ಸೆಪ್ಟೆಂಬರ್ ಮಾತ್ರ ಮರೆಯಲಾಗುತ್ತಿಲ್ಲ. ತಮಿಳುನಾಡಿಗೆ ದಿನಕ್ಕೆ 5,000 ಕ್ಯುಸೆಕ್ ಬಿಡಬೇಕೆಂಬ ಆದೇಶ, ಇತ್ತ ಒಣಗುತ್ತಿದ್ದ ಕಬ್ಬು. 23ರಂದು ಮಂಡ್ಯ ಬಂದ್. ಸಂಜಯ ವೃತ್ತದಲ್ಲಿ ರಸ್ತೆಯ ಮೇಲೇ ಕೂತೆವು. ಅದಕ್ಕೆ ಮುಂಚಿನ ವರ್ಷ, 177.25 ಟಿಎಂಸಿ ಕೊಡಬೇಕಿದ್ದ ಕಡೆ 600ಕ್ಕೂ ಹೆಚ್ಚು ಟಿಎಂಸಿ ಗಡಿ ದಾಟಿ ಹೋಗಿತ್ತು. ಹಿಡಿದಿಡಲು ಜಾಗವಿರಲಿಲ್ಲ. ಮೇಕೆದಾಟು ಅಣೆಕಟ್ಟು ಬೇಕು ಅನ್ನಲು ನನಗೆ ಆ ಎರಡು ವರ್ಷಗಳೇ ಸಾಕು.

ಜುಲೈ 13, ಭಾನುವಾರ

ತಮ್ಮನ ಮಗ ಕೇಳಿದ: "ದೊಡ್ಡಪ್ಪ, ಮೇಕೆದಾಟು ಕಟ್ಟಿದ್ರೆ ನಮ್ ಗದ್ದೆಗೆ ನೀರ್ ಬತ್ತದಾ?"

ಬರುವುದಿಲ್ಲ. ಇದನ್ನು ಯಾರೂ ನೇರವಾಗಿ ಹೇಳುವುದಿಲ್ಲ. ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದಿಂದ ಕೆಳಗೆ, ಕನಕಪುರ ತಾಲ್ಲೂಕಿನ ಕಣಿವೆಯಲ್ಲಿ ಕಟ್ಟುವ ಅಣೆಕಟ್ಟು ಅದು. ಕನ್ನಂಬಾಡಿಯಿಂದ ಬರುವ ವಿ.ಸಿ. ನಾಲೆಯ ಕೊನೆಭಾಗದಲ್ಲಿರುವ ನಮ್ಮ ಬಯಲು ಅದಕ್ಕಿಂತ ಎಷ್ಟೋ ಮೇಲಿದೆ. ಅಲ್ಲಿನ ನೀರು ಹಿಂದಕ್ಕೆ ಹತ್ತಿ ಮದ್ದೂರಿಗೆ, ಮಳವಳ್ಳಿಗೆ ಬಾರದು.

ಆದರೂ ಅದು ನಮಗೆ ಬೇಕು. ಕಾರಣವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬರೆದು ತೋರಿಸಿದೆ. ತಮಿಳುನಾಡಿಗೆ ಹೋಗುವ ನೀರಿನ ಅಳತೆ ನಡೆಯುವುದು ಬಿಳಿಗುಂಡ್ಲುವಿನಲ್ಲಿ. ಮಳೆಗಾಲದಲ್ಲಿ ಶಿಂಷಾ, ಅರ್ಕಾವತಿ ಉಕ್ಕಿ ಹರಿದಾಗ ಆ ನೀರಿಗೆ ತಡೆಯೇ ಇಲ್ಲ. ಮಳೆ ಕೈಕೊಟ್ಟ ತಿಂಗಳಲ್ಲಿ ಅಲ್ಲಿ ಲೆಕ್ಕ ತುಂಬಿಸಲು ಕನ್ನಂಬಾಡಿಯ ಗೇಟನ್ನೂ ಎತ್ತಬೇಕು. ಮೇಕೆದಾಟುವಿನಲ್ಲಿ 67.16 ಟಿಎಂಸಿ ನಿಂತರೆ ತಮಿಳುನಾಡಿನ ಪಾಲನ್ನು ಅಲ್ಲಿಂದಲೇ ಬಿಡಬಹುದು. 49.45 ಟಿಎಂಸಿಯ ನಮ್ಮ ಕಟ್ಟೆಯ ನೀರು ನಾಲೆಗೆ ಉಳಿಯುತ್ತದೆ.

ಹುಡುಗ ನಕ್ಷೆ ನೋಡಿ, "ಉಳಿದಿದ್ದು ನಮ್ಗೇ ಅಂತ ಬರ್ಕೊಟ್ಟವ್ರಾ?" ಅಂದ. ರಾತ್ರಿಯೆಲ್ಲಾ ಅದೇ ಪ್ರಶ್ನೆ ತಲೆಯಲ್ಲಿ.

ಆಗಸ್ಟ್ 2, ಶ್ರಾವಣ ಶನಿವಾರ

ಮುತ್ತತ್ತಿಗೆ ಹೋಗಿ ಮುತ್ತೆತ್ತಿರಾಯನಿಗೆ ಹಣ್ಣುಕಾಯಿ ಮಾಡಿಸಿದೆವು. ಹೊಳೆಗೆ ಬಿದ್ದ ಸೀತಮ್ಮನ ಮೂಗುತಿಯನ್ನು ಎತ್ತಿಕೊಟ್ಟ ಹನುಮಂತ ಈತ. ಅವ್ವ ಪ್ರತಿ ಸಲವೂ ಈ ಕಥೆ ಹೇಳುತ್ತಿದ್ದಳು.

ಮುಳುಗಡೆಯಾಗುವ ಊರುಗಳ ಪಟ್ಟಿಯಲ್ಲಿ ಮುತ್ತತ್ತಿಯೂ ಇದೆ. ನಮ್ಮ ಮಳವಳ್ಳಿ ತಾಲ್ಲೂಕಿನದೇ ಜಾಗ. ಸುಮಾರು 5,000 ಹೆಕ್ಟೇರ್ ಮುಳುಗುತ್ತದೆ, ಅದರಲ್ಲಿ ಬಹುಪಾಲು ಕಾವೇರಿ ವನ್ಯಧಾಮದ ಕಾಡು. ದಡದ ಹೊಳೆಮತ್ತಿ ಮರಗಳ ಬುಡ ನೋಡುತ್ತಾ ನಿಂತೆ. ಮಣ್ಣು ಕೊಚ್ಚಿಹೋಗಿ ಬೇರು ಬರಿದಾಗಿದ್ದರೂ ಬಂಡೆಯನ್ನು ತಬ್ಬಿ ನಿಂತಿವೆ. ಮೇಲಿನ ಕೊಂಬೆಯಲ್ಲಿ ಬೂದು ಬಣ್ಣದ ದೊಡ್ಡ ಅಳಿಲೊಂದು ಉದ್ದ ಬಾಲ ಇಳಿಬಿಟ್ಟು ಕಾಯಿ ಕಡಿಯುತ್ತಿತ್ತು. ಈ ಮರಗಳು ಹೋದರೆ ಮತ್ತೆ ನೆಡಲಾಗದು. ಹಳೇ ಕನ್ನಂಬಾಡಿ ಮುಳುಗಿದ್ದರಿಂದಲೇ ನಮ್ಮ ಬಯಲು ಹಸಿರಾಯಿತು ಎಂಬುದೂ ನಿಜ. ಇಷ್ಟು ದೊಡ್ಡ ಬೆಲೆ ತೆತ್ತ ಮೇಲೆ ಒಂದು ಹನಿಯೂ ಪೋಲಾಗಬಾರದು.

ಆಗಸ್ಟ್ 24, ಭಾನುವಾರ

ಕಟ್ಟೆ ತುಂಬಿ ಎರಡು ತಿಂಗಳಾಗುತ್ತಾ ಬಂತು, ನಮ್ಮ ತೂಬಿಗೆ ಇನ್ನೂ ನೀರಿಲ್ಲ. ಒಟ್ಲು ಪೈರು ಬಲಿತು ಗಣ್ಣು ಬಿಡುತ್ತಿದೆ, ಇನ್ನು ನಾಟಿ ಹಾಕಿದರೂ ತೆಂಡೆ ಒಡೆಯುವುದು ಕಷ್ಟ. ಉಪನಾಲೆಯ ಉದ್ದಕ್ಕೂ ನಡೆದು ನೋಡಿದೆವು. ಒಂದೆಡೆ ಗೇಟಿನ ಹಲಗೆಯೇ ಇಲ್ಲ, ಗೋಣಿಚೀಲಕ್ಕೆ ಮಣ್ಣು ತುಂಬಿ ಅಡ್ಡ ಒಡ್ಡಿದ್ದಾರೆ. ಇನ್ನೊಂದೆಡೆ ಹೂಳಿನ ಮೇಲೆ ಆಳುದ್ದದ ಆಪು. ಮೇಲ್ಭಾಗದವರು ಎರಡು ಸಲ ನೀರು ಹಾಯಿಸಿಕೊಂಡಿದ್ದಾರೆ. ಅವರನ್ನು ದೂರಿ ಫಲವಿಲ್ಲ, ನಾಲೆ ಸರಿಯಿದ್ದಿದ್ದರೆ ಇಬ್ಬರಿಗೂ ಸಾಲುತ್ತಿತ್ತು.

ನಮ್ಮ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದಲೇ ಬೆಂಗಳೂರಿಗೆ ಕಾವೇರಿ ಹೋಗುವುದು. ಕಳೆದ ಅಕ್ಟೋಬರಿನಲ್ಲಿ ಐದನೇ ಹಂತವೂ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರ್. ಕುಡಿಯುವ ನೀರಿಗೆ ಅಡ್ಡ ಬರುವ ಮಾತೇ ಇಲ್ಲ, ನಮ್ಮ ಮಕ್ಕಳೂ ಅಲ್ಲೇ ಇದ್ದಾರೆ. ಅಷ್ಟು ನೀರನ್ನು ಸೋರದಂತೆ ರಾಜಧಾನಿಯವರೆಗೆ ಎತ್ತಿ ಸಾಗಿಸಬಲ್ಲ ಸರ್ಕಾರಕ್ಕೆ, ಇಳಿಜಾರಿನ ನಾಲೆಯಲ್ಲಿ ಕೊನೆಭಾಗಕ್ಕೆ ಮುಟ್ಟಿಸುವುದು ಅಸಾಧ್ಯವೇನಲ್ಲ.

ನವೆಂಬರ್ 14, ಶುಕ್ರವಾರ

ಮೇಕೆದಾಟು ವಿರುದ್ಧ ತಮಿಳುನಾಡು ಹಾಕಿದ್ದ ಅರ್ಜಿ ಅವಧಿಗೆ ಮುಂಚಿನದು ಎಂದು ಸುಪ್ರೀಂ ಕೋರ್ಟ್ ನಿನ್ನೆ ಹೇಳಿದೆ. ಇನ್ನು ಕಾವೇರಿ ಪ್ರಾಧಿಕಾರ, ನಿಯಂತ್ರಣ ಸಮಿತಿಗಳ ಅಭಿಪ್ರಾಯ ಪಡೆದು ಕೇಂದ್ರ ಜಲ ಆಯೋಗ ಯೋಜನಾ ವರದಿಯನ್ನು ಪರಿಶೀಲಿಸಬೇಕು. ಊರಲ್ಲಿ ಪಟಾಕಿ ಹೊಡೆದರು. ನನಗೂ ಸಂತೋಷವೇ.

ಸಂಜೆ ಅರಳಿಕಟ್ಟೆಯಲ್ಲಿ ಕೂತು ಸರ್ಕಾರಕ್ಕೆ ಕೊಡುವ ಮನವಿ ಬರೆದೆ. ಎರಡೇ ಬೇಡಿಕೆ. ಮೇಕೆದಾಟುವಿನಿಂದ ಕನ್ನಂಬಾಡಿಯಲ್ಲಿ ಉಳಿಯುವ ನೀರಿನಲ್ಲಿ ಮದ್ದೂರು, ಮಳವಳ್ಳಿಯ ಕೊನೆಭಾಗಕ್ಕೆ ಎಷ್ಟು ಎಂಬುದನ್ನು ಈಗಲೇ ಲಿಖಿತವಾಗಿ ಗೊತ್ತುಮಾಡಿ. ಅಣೆಕಟ್ಟಿನ ಮೊದಲ ಕಲ್ಲು ಬೀಳುವ ಮುಂಚೆ ನಮ್ಮ ಉಪನಾಲೆಗಳ ಹೂಳೆತ್ತಿ, ತೂಬುಗಳಿಗೆ ಗೇಟು ಹಾಕಿಸಿ. ಸೋಮವಾರ ಇದನ್ನು ಮಂಡ್ಯಕ್ಕೆ ಒಯ್ಯುತ್ತೇವೆ, ಕೊನೆಭಾಗದ ಊರುಗಳವರೆಲ್ಲ ಬಂದು ಸಹಿ ಹಾಕಬೇಕು.